ಜೀವಾಮೃತ ಗೊಬ್ಬರವಲ್ಲ, ಹೆಪ್ಪು

ಹಿತ್ತಲಲ್ಲೋ ತಾರಸಿಯಲ್ಲೋ ನಾಲ್ಕು ಮೆಣಸಿನ ಗಿಡ ಹಾಕಿಕೊಂಡವರು ನನ್ನ ಹತ್ತಿರ ತರುವ ದೂರು ಹೆಚ್ಚುಕಮ್ಮಿ ಒಂದೇ. ‘ಜೀವಾಮೃತ ಹಾಕಿದ್ದೇ ಹಾಕಿದ್ದು, ಗಿಡ ಮಾತ್ರ ಇದ್ದಲ್ಲೇ ಇದೆ.’ ಸಗಣಿ, ಗಂಜಲ, ಬೆಲ್ಲ, ಹಿಟ್ಟು ನೀರಲ್ಲಿ ಕಲಸಿ ಹುಳಿ ಬರಿಸಿದ ದ್ರವ ಅದು. ಹೋಗಿ ನೋಡಿದರೆ ಕುಂಡದಲ್ಲಿ ಬೋಳು ಮಣ್ಣು. ಮೇಲ್ಪದರ ಹಪ್ಪಳದ ಹಾಗೆ ಒಣಗಿ ಬಿರಿದಿರುತ್ತದೆ. ಪಕ್ಕದಲ್ಲಿ ಬಿಗಿಯಾಗಿ ಮುಚ್ಚಳ ತಿರುಗಿಸಿಟ್ಟ ಕ್ಯಾನು. ತೆಗೆದರೆ ಮೋರಿ ವಾಸನೆ. ಯಾವಾಗ ಮಾಡಿದ್ದು ಅಂತ ಕೇಳಿದರೆ, ‘ಯುಗಾದಿ ಮುಗಿದ ವಾರ’ ಅನ್ನುತ್ತಾರೆ. ಕೇಳುವಾಗ ಬಸವ ಜಯಂತಿಯೂ ಕಳೆದಿರುತ್ತದೆ.

ಮಹಾರಾಷ್ಟ್ರದ ವಿದರ್ಭದ ಕೃಷಿಕ ಸುಭಾಷ್ ಪಾಳೇಕರ್ ಹೇಳಿಕೊಟ್ಟ ಈ ವಿಧಾನ ಕರ್ನಾಟಕದಲ್ಲಿ ಹಬ್ಬಿದ್ದು ರೈತ ಸಂಘದವರು ಊರೂರಲ್ಲಿ ನಡೆಸಿದ ಶಿಬಿರಗಳಿಂದ. ಪಾಳೇಕರ್ ಅವರಿಗೆ 2016ರಲ್ಲಿ ಪದ್ಮಶ್ರೀ ಬಂತು. ಶಿಬಿರದಿಂದ ಬಾಯಿಗೆ, ಬಾಯಿಂದ ವಾಟ್ಸಾಪ್‌ಗೆ ಬರುವಷ್ಟರಲ್ಲಿ ಅಳತೆಗಳು ಮಾತ್ರ ಉಳಿದವು, ಅದು ಯಾಕೆ ಅನ್ನೋದು ಉದುರಿಹೋಯಿತು.

ಒಂದು ಲೆಕ್ಕ ಹಾಕೋಣ. ಎಕರೆಗೆ ಹೇಳಿರುವ ಅಳತೆ 200 ಲೀಟರ್ ನೀರು, 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಬೇಳೆಕಾಳಿನ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಇದರಲ್ಲಿರುವ ಸಾರಜನಕವನ್ನೆಲ್ಲ ಕೂಡಿಸಿದರೂ 200 ಗ್ರಾಮಿನ ಆಸುಪಾಸು. 45 ಕೆಜಿಯ ಒಂದು ಚೀಲ ಯೂರಿಯಾದಲ್ಲಿ 20 ಕೆಜಿಗೂ ಮೇಲಿದೆ. ನೂರು ಪಟ್ಟು ವ್ಯತ್ಯಾಸ! ಹಾಗಾದರೆ ಈ ಡ್ರಮ್ಮಿನಿಂದ ಗಿಡಕ್ಕೆ ಹೊಟ್ಟೆ ತುಂಬುವುದು ಹೇಗೆ? ತುಂಬುವುದಿಲ್ಲ. ಡ್ರಮ್ಮಿನಲ್ಲಿರುವುದು ಸೂಕ್ಷ್ಮಜೀವಿಗಳು. ಒಂದು ಚಮಚ ಹೆಪ್ಪು ಒಂದು ಪಾತ್ರೆ ಹಾಲನ್ನು ಮೊಸರು ಮಾಡುತ್ತೆ, ಅಲ್ವಾ? ಆದರೆ ಪಾತ್ರೆಯಲ್ಲಿ ಹಾಲಿರಬೇಕು. ಇಲ್ಲಿ ಹಾಲು ಅಂದರೆ ಕೊಟ್ಟಿಗೆ ಗೊಬ್ಬರ, ತರಗು, ಹುಲ್ಲು. ಖಾಲಿ ಪಾತ್ರೆಗೆ ದಿನಾ ಹೆಪ್ಪು ಹಾಕಿದರೆ ಮೊಸರಾಗದು.

ಬೀಜ ಮತ್ತು ಸಸಿ

ಅಡುಗೆಮನೆಯ ಬ್ಯಾಡಗಿ ಮೆಣಸಿನಕಾಯಿ ಡಬ್ಬ ತೆಗೆಯಿರಿ. ಬಿಸಿಲಲ್ಲಿ ಒಣಗಿಸಿದ ಕಾಯಾದರೆ ಅದರ ಬೀಜ ಸಾಮಾನ್ಯವಾಗಿ ಹುಟ್ಟುತ್ತದೆ. ಒಂದು ಲೀಟರ್ ನೀರಿಗೆ ಕಾಲು ಕೆಜಿ ಸಗಣಿ, ಕಾಲು ಲೀಟರ್ ಗಂಜಲ, ಅರ್ಧ ಚಮಚ ಸುಣ್ಣ, ಚಿಟಿಕೆ ಮಣ್ಣು ಹಾಕಿ ರಾತ್ರಿ ಬಿಟ್ಟರೆ ಬೀಜಾಮೃತ. ಬೀಜವನ್ನು ಅದರಲ್ಲಿ ಅದ್ದಿ, ನೆರಳಲ್ಲಿ ಆರಿಸಿ, ಬಿತ್ತಿ. ಐದಾರು ವಾರಕ್ಕೆ ಸಸಿ ಗೇಣುದ್ದ ಬರುತ್ತದೆ. ಸಂಜೆ ಹೊತ್ತು ನಾಟಿ ಮಾಡಿ. ನೆಲದಲ್ಲಾದರೆ ಎರಡು ಅಡಿಗೊಂದು, ಕುಂಡದಲ್ಲಾದರೆ ಕುಂಡಕ್ಕೊಂದು. ಇದರಲ್ಲಿ ಕಷ್ಟ ಏನೂ ಇಲ್ಲ.

ತಾರಸಿಯವರಿಗೆ ಒಂದು ಮಾತು. ತೆಂಗಿನ ನಾರಿನ ಪುಡಿಯ ಇಟ್ಟಿಗೆ ತಂದರೆ ಎರಡು ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ. ಅಗ್ಗದ ಮಾಲಿನಲ್ಲಿ ಉಪ್ಪಿರುತ್ತದೆ. ಎಲೆಯ ಅಂಚು ಸುಟ್ಟ ಹಾಗಾಗುವುದು ಅದಕ್ಕೇ. ಕುಂಡದ ಮೂರನೇ ಒಂದು ಭಾಗವಾದರೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇರಲಿ. ಹಾಲಿನ ಮೊದಲ ಪಾಲು ಅದು.

ಬಕೆಟ್ಟು: ಇಲ್ಲಿ ನಿಧಾನ ಮಾಡಿ

ಹತ್ತು ಕುಂಡ ಇಟ್ಟುಕೊಂಡವರು 200 ಲೀಟರಿನ ಡ್ರಮ್ಮು ತಂದಿದ್ದನ್ನು ನೋಡಿದ್ದೇನೆ. ಬೇಡ. ಮೂವತ್ತು ನಲವತ್ತು ಗಿಡದ ಹಿತ್ತಲಿಗೆ 10 ಲೀಟರ್ ಧಾರಾಳ ಸಾಕು. ಅದಕ್ಕೆ ಅರ್ಧ ಕೆಜಿ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಹಿಟ್ಟು, ಅರ್ಧ ಹಿಡಿ ಮಣ್ಣು. ಬಕೆಟ್ಟು ಮಾತ್ರ 15 ಲೀಟರಿಗಿಂತ ದೊಡ್ಡದಿರಲಿ. ನೊರೆ ಉಕ್ಕುತ್ತೆ.

ನೀರು. ನಲ್ಲಿ ನೀರಾದರೆ ಹಿಂದಿನ ರಾತ್ರಿಯೇ ಬಾಯಿ ತೆರೆದ ಬಕೆಟ್ಟಿನಲ್ಲಿ ಹಿಡಿದಿಡಿ. ಕ್ಲೋರಿನ್ ಹಾಕಿರುವುದೇ ಜೀವಾಣು ಕೊಲ್ಲೋದಕ್ಕೆ. ಅದನ್ನೇ ಸುರಿದು ಜೀವಾಣು ಬೆಳೆಸಲು ಹೊರಡುವುದು ಎಂಥ ಲೆಕ್ಕ? ಬೋರ್‌ವೆಲ್, ಬಾವಿ, ಮಳೆ ನೀರಿಗೆ ಈ ತಾಪತ್ರಯವಿಲ್ಲ.

ಸಗಣಿ ಹೊಸದಿರಬೇಕು, ಗಂಜಲ ಹಳೆಯದಾದರೂ ನಡೆಯುತ್ತದೆ. ನಾಟಿ ಹಸುವಿನದ್ದೇ ಆಗಬೇಕು ಅನ್ನುತ್ತಾರೆ ಪಾಳೇಕರ್. ಸಿಕ್ಕರೆ ಒಳ್ಳೆಯದು. ನಾನು ಹಳ್ಳಿಕಾರ್ ಸಗಣಿಯಲ್ಲೂ ಮಾಡಿದ್ದೇನೆ, ಪಕ್ಕದ ಬೀದಿಯ ಸೀಮೆ ಹಸುವಿನ ಸಗಣಿಯಲ್ಲೂ ಮಾಡಿದ್ದೇನೆ. ನನ್ನ ಗಿಡಗಳಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಹಸುವಿನ ಜಾತಿಗಿಂತ ನಾನು ಮೊದಲು ಕೇಳುವುದು ಬೇರೆ: ‘ಅಣ್ಣಾ, ಈ ಹಸುಗೆ ಜಂತುಹುಳದ ಔಷಧ ಕೊಟ್ಟು ಎಷ್ಟು ದಿನ ಆಯ್ತು? ಕೆಚ್ಚಲು ಬಾವಿಗೆ ಇಂಜೆಕ್ಷನ್ ಹಾಕ್ಸಿದ್ರಾ?’ ಐವರ್‌ಮೆಕ್ಟಿನ್‌ನಂಥ ಜಂತುಹುಳದ ಔಷಧ ಸಗಣಿಯಲ್ಲೇ ಹೊರಗೆ ಬರುತ್ತದೆ. ಸಗಣಿ ಹುಳುಗಳೂ ಅದಕ್ಕೆ ಸಾಯುತ್ತವೆ. ಅಂಥ ಸಗಣಿ ಒಂದು ತಿಂಗಳು ಮುಟ್ಟಬೇಡಿ.

ಬೆಲ್ಲ ಕಪ್ಪಗಿರಲಿ. ಅಂಗಡಿಯಲ್ಲಿ ಚಿನ್ನದ ಹಾಗೆ ಹೊಳೆಯುವ ಅಚ್ಚಿಗೆ ಹೈಡ್ರೋಸ್ ಅನ್ನುವ ರಾಸಾಯನಿಕ ಹಾಕಿ ಬಣ್ಣ ತೆಗೆದಿರುತ್ತಾರೆ. ಜಿನುಗುವ, ಕರಿ, ಯಾರೂ ಕೊಳ್ಳದ ಬೆಲ್ಲ ಕೇಳಿ. ಅಂಗಡಿಯವರು ಖುಷಿಯಿಂದ ಕಡಿಮೆಗೇ ಕೊಡುತ್ತಾರೆ. ಹಿಟ್ಟು ಕಡಲೆಯದಾಗಲಿ, ಅಲಸಂದೆಯದಾಗಲಿ. ನನ್ನದು ಹುರುಳಿ. ಎಣ್ಣೆ ಅಂಶದ ಶೇಂಗಾ, ಸೋಯಾ ಬೇಡ. ಹುಳ ಬಿದ್ದ ಬೇಳೆಗೆ ಇದಕ್ಕಿಂತ ಒಳ್ಳೆ ಗತಿ ಇಲ್ಲ.

ಮಣ್ಣು ಅಂದಾಗ ಜನ ಕುಂಡದಿಂದಲೇ ಒಂದು ಹಿಡಿ ತೆಗೆದು ಹಾಕುತ್ತಾರೆ. ಹೆಪ್ಪಿನ ಮೂಲವೇ ಅದು ಸ್ವಾಮಿ, ಸ್ವಲ್ಪ ನಡೆಯಿರಿ. ಔಷಧ ಬೀಳದ ಕಡೆ, ಹೊಂಗೆ, ಆಲ ಅಥವಾ ಬಿದಿರು ಮೆಳೆಯ ಬುಡದಲ್ಲಿ ತರಗು ಸರಿಸಿ. ಕೆಳಗೆ ಮಣ್ಣು ಕಪ್ಪಗೆ, ಪುಡಿಪುಡಿಯಾಗಿ, ಮೊದಲ ಮಳೆಯ ವಾಸನೆ ಬರುತ್ತಿರಬೇಕು. ಎಲೆಗಳಿಗೆ ಬಿಳಿ ನೂಲು ಅಂಟಿದ್ದರೆ ಇನ್ನೂ ಒಳ್ಳೆಯದು. ಕೊರಿಯಾದ ಚೋ ಹಾನ್ ಕ್ಯು ಅವರ ನೈಸರ್ಗಿಕ ಕೃಷಿಯಲ್ಲಿ ಇಂಥ ಜಾಗದಲ್ಲೇ ಅನ್ನ ತುಂಬಿದ ಮರದ ಪೆಟ್ಟಿಗೆ ಇಟ್ಟು ಆ ಬಿಳಿ ಬೂಸ್ಟನ್ನು ಹಿಡಿಯುತ್ತಾರೆ. ನಮಗೆ ಅಷ್ಟೆಲ್ಲ ಬೇಡ, ಮಣ್ಣು ಸಾಕು.

ಬೆಲ್ಲ ಕರಗಿಸಿ, ಹಿಟ್ಟನ್ನು ದೋಸೆ ಹಿಟ್ಟಿನ ಹದಕ್ಕೆ ಗಂಟಿಲ್ಲದೆ ಕಲಸಿ, ಸಗಣಿಯನ್ನು ಕೈಯಲ್ಲೇ ಕಿವುಚಿ ಎಲ್ಲ ಸೇರಿಸಿ. ನೆರಳಲ್ಲಿಡಿ. ಮೇಲೆ ಗೋಣಿತಾಟು ಅಥವಾ ಹಳೆ ಪಂಚೆ ಕಟ್ಟಿ, ಇಲ್ಲದಿದ್ದರೆ ನೊಣ ಮೊಟ್ಟೆ ಇಟ್ಟು ಹುಳ ಆಗುತ್ತೆ. ಮುಚ್ಚಳ ಮಾತ್ರ ಬೇಡವೇ ಬೇಡ. ನಾನು ಮೊದಲ ಸಲ ಮಾಡಿದಾಗ ಕುಡಿಯುವ ನೀರಿನ 20 ಲೀಟರ್ ಕ್ಯಾನಿನಲ್ಲಿ ಹಾಕಿ, ವಾಸನೆ ಹೊರಗೆ ಬಾರದಿರಲಿ ಅಂತ ಮುಚ್ಚಳ ಬಿಗಿದು, ಏಪ್ರಿಲ್ ಬಿಸಿಲಲ್ಲಿ ತಾರಸಿ ಮೇಲಿಟ್ಟಿದ್ದೆ. ಮೂರನೇ ಮಧ್ಯಾಹ್ನ ಢಬ್ ಅಂತ ಸದ್ದು. ಪಕ್ಕದ ಮನೆ ಆಂಟಿ ಒಣಹಾಕಿದ್ದ ಬಿಳಿ ಸೀರೆಗೆ ಅವತ್ತು ಬಿದ್ದ ಕಲೆ ಇವತ್ತಿಗೂ ಹೋಗಿಲ್ಲ. ಮಾತು ಬಿಟ್ಟಿಲ್ಲ, ಅದೇ ಪುಣ್ಯ.

ಬೆಳಿಗ್ಗೆ, ಸಂಜೆ ಕೋಲಿನಿಂದ ಎರಡೆರಡು ನಿಮಿಷ ತಿರುಗಿಸಿ. ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು ಅನ್ನುವವರಿದ್ದಾರೆ. ನಾನು ಎರಡೂ ಕಡೆ ತಿರುಗಿಸಿದ್ದೇನೆ. ಬೇಕಿರುವುದು ಗಾಳಿ. ಕೋಲು ತಳ ಮುಟ್ಟಲಿ, ತಳದಲ್ಲಿ ಕೂತ ಸಗಣಿ ಮೇಲೆ ಬರಲಿ. ಒಂದು ದಿನ ಊರಿಗೆ ಹೋದರೆ ಪರವಾಗಿಲ್ಲ. ಎರಡು ದಿನ ಹೋದರೆ ತಳ ಕೊಳೆಯುತ್ತೆ.

ಹದ ಬಂತೋ ಇಲ್ಲವೋ ಅಂತ ದಿನ ಎಣಿಸಿ ಹೇಳಲಾಗದು. ಬಳ್ಳಾರಿಯ ಬೇಸಿಗೆಯಲ್ಲಿ ಎರಡು ದಿನಕ್ಕೇ ಬರುತ್ತದೆ, ಬೆಂಗಳೂರಿನ ಡಿಸೆಂಬರಲ್ಲಿ ಐದು ದಿನ ಬೇಕು. ಮೂಗು, ಕಿವಿ ಬಳಸಿ. ಮೊದಲ ದಿನ ಬರೀ ಸಗಣಿ ವಾಸನೆ. ಎರಡನೇ ದಿನ ಬಕೆಟ್ಟಿಗೆ ಕಿವಿ ಕೊಟ್ಟರೆ ಸೋಡಾ ಬಾಟಲಿ ತೆರೆದಿಟ್ಟ ಹಾಗೆ ಸಣ್ಣಗೆ ಚುರುಚುರು. ಅಂಚಿನಲ್ಲಿ ಗುಳ್ಳೆಗಳ ಬಳೆ. ಹದ ಬಂದಾಗ ಕೋಲಾಡಿಸಿದರೆ ಕಂದು ನೊರೆ ಏಳುತ್ತೆ. ವಾಸನೆ ಹುಳಿ ಬಂದ ದೋಸೆ ಹಿಟ್ಟಿನದು, ಅದರಡಿ ಸ್ವಲ್ಪ ಬೆಲ್ಲ, ಸ್ವಲ್ಪ ಕೊಟ್ಟಿಗೆ. ಮೇಲೆ ತೆಳ್ಳಗೆ ಬಿಳಿ ಕೆನೆ ಕಟ್ಟಿದರೆ ಹೆದರಬೇಡಿ, ಕದಡಿ. ಕೊಳೆತ ಮೊಟ್ಟೆ ವಾಸನೆ ಬಂತೋ, ಕೆಟ್ಟಿದೆ. ಇನ್ನೊಂದಿಷ್ಟು ಬೆಲ್ಲ ಹಾಕಿ ಸರಿಮಾಡುತ್ತೇನೆ ಅಂತ ಹೊರಡಬೇಡಿ, ತಿಪ್ಪೆಗೆ ಸುರಿದು ಹೊಸದಾಗಿ ಮಾಡಿ.

ಹದ ಬಂದ ಮೇಲೆ ವಾರದೊಳಗೆ ಮುಗಿಸಿ. ಒಂದು ವರ್ಷ ಕೆಡುವುದಿಲ್ಲ ಅಂತ ಆನ್‌ಲೈನಲ್ಲಿ ಮಾರುವ ಸೀಲು ಮಾಡಿದ ಬಾಟಲಿ ಜೀವಾಮೃತ ಯಾವ ಲೆಕ್ಕದ್ದೋ. ಜೀವ ಇದ್ದರೆ ಬಾಟಲಿ ಉಬ್ಬಬೇಕು.

ಹೊದಿಕೆ ಮೊದಲು, ಆಮೇಲೆ ಜೀವಾಮೃತ

ಹೊದಿಕೆ ಇಲ್ಲದ ಮಣ್ಣಿಗೆ ಹಾಕುವುದಾದರೆ ಮೇಲಿನದ್ದೆಲ್ಲ ಸುಮ್ನೆ ದಂಡ. ಬಿಸಿಲು ನೇರ ಬೀಳುವ ಮಣ್ಣಲ್ಲಿ ಈ ಜೀವಿಗಳು ಉಳಿಯುವುದಿಲ್ಲ. ನಾಲ್ಕು ಬೆರಳು ದಪ್ಪ ಒಣ ತರಗು, ರಾಗಿ ಹುಲ್ಲು, ಕಬ್ಬಿನ ರವದಿ, ಶೇಂಗಾ ಸಿಪ್ಪೆ, ಏನಿದೆಯೋ ಅದು. ಬೆಂಗಳೂರಿನ ಬೀದಿಗಳಲ್ಲಿ ತರಗು ಗುಡಿಸಿ ಬೆಂಕಿ ಹಾಕುತ್ತಾರಲ್ಲ, ಬೆಂಕಿ ಬೀಳುವ ಮುಂಚೆ ಚೀಲ ಹಿಡಿದು ಹೋಗಿ. ನೀಲಗಿರಿ ಎಲೆ ನಾನು ಹಾಕುವುದಿಲ್ಲ. ಹೊದಿಕೆ ಕಾಂಡಕ್ಕೆ ತಾಗದಂತೆ ಎರಡು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ.

ಆಮೇಲೆ ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ, ಸಂಜೆ, ಮಣ್ಣು ತೇವ ಇರುವಾಗ ಹಾಕಿ. ಕುಂಡಕ್ಕೆ ಒಂದು ಮಗ್ಗು, ಪಾತಿಗೆ ಎರಡು. ಹದಿನೈದು ದಿನಕ್ಕೊಮ್ಮೆ. ಪ್ರೀತಿ ಜಾಸ್ತಿಯಾಗಿ ದಿನಾ ಹಾಕಬೇಡಿ. ಎಲೆಗೆ ಸಿಂಪಡಿಸುವುದಾದರೆ ಎರಡು ಮಡಿಕೆ ಬಟ್ಟೆಯಲ್ಲಿ ಸೋಸಿ, ಒಂದಕ್ಕೆ ಇಪ್ಪತ್ತು ನೀರು. ಸೋಸದೆ ಹಾಕಿದರೆ ಸ್ಪ್ರೇಯರ್ ನಳಿಕೆ ಕಟ್ಟಿಕೊಂಡು ನೀವು ಸೂಜಿ ಹುಡುಕುತ್ತೀರಿ. ಕೊತ್ತಂಬರಿ, ಪುದೀನದಂಥ ಹಸಿಯಾಗಿ ತಿನ್ನುವ ಸೊಪ್ಪಿಗೆ ಮಾತ್ರ ಸಿಂಪಡಿಸಲೇಬೇಡಿ. ಇದು ಹಸಿ ಸಗಣಿ, ಹೊಟ್ಟೆಗೆ ಹೋದರೆ ಆಸ್ಪತ್ರೆ. ಮೆಣಸಿನಲ್ಲೂ ಕಾಯಿ ಹಿಡಿದ ಮೇಲೆ ಬುಡಕ್ಕಷ್ಟೇ. ಕಾಯನ್ನು ತೊಳೆದೇ ಬಳಸಿ.

ಮುಟುರು ಬಂದರೆ

ಮೆಣಸಿನ ಗಿಡದ ಎಲೆ ಮುದುಡಿತು ಅಂದ ಕೂಡಲೇ ಎಲ್ಲರೂ ಬೇವಿನೆಣ್ಣೆ ಅನ್ನುತ್ತಾರೆ. ಮೊದಲು ಎಲೆ ನೋಡಿ. ದೋಣಿಯ ಹಾಗೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ಅನ್ನುವ ಸಣ್ಣ ಕೀಟ. ಕವುಚಿದ ದೋಣಿಯ ಹಾಗೆ ಕೆಳಕ್ಕೆ ಮಡಚಿದ್ದರೆ ಮೈಟ್ ನುಸಿ. ಎರಡಕ್ಕೂ ಎಲೆಯ ಅಡಿಭಾಗಕ್ಕೆ ಬೇವಿನೆಣ್ಣೆ ಲೀಟರಿಗೆ 5 ಎಂಎಲ್, ಜೊತೆಗೆ ಎಣ್ಣೆ ಬೆರೆಯುವಷ್ಟು ಸೋಪಿನ ನೀರು. ವಾರಕ್ಕೊಮ್ಮೆ, ಸಂಜೆ. ಗಿಡ ಕುಗ್ಗಿ, ಎಲೆ ಸಣ್ಣದಾಗಿ, ಹಳದಿಯಾಗಿ ಗೊಂಚಲು ಕಟ್ಟಿದ್ದರೆ ಅದು ಬಿಳಿನೊಣ ತಂದ ವೈರಸ್. ಅದಕ್ಕೆ ಬೇವೂ ಇಲ್ಲ, ಜೀವಾಮೃತವೂ ಇಲ್ಲ. ಕಿತ್ತು ದೂರ ಹಾಕಿ. ನೋಡೋಣ ಅಂತ ಇಟ್ಟುಕೊಂಡರೆ ಪಕ್ಕದ್ದೂ ಹೋಗುತ್ತದೆ.

ಬೇವಿನೆಣ್ಣೆ ಕೊಳ್ಳುವಾಗ ಚಳಿಯ ಬೆಳಿಗ್ಗೆ ಬಾಟಲಿ ನೋಡಿ. ಅಪ್ಪಟ ಎಣ್ಣೆ ಮಂದವಾಗಿರುತ್ತದೆ, ಮುಚ್ಚಳ ತೆಗೆದರೆ ಮನೆಯವರು ಬೈಯುವಷ್ಟು ನಾರುತ್ತದೆ. ನೀರಿನ ಹಾಗೆ ತೆಳ್ಳಗಿದ್ದು ಗಮಗಮ ಅನ್ನುವುದನ್ನು ಅಂಗಡಿಯಲ್ಲೇ ಬಿಡಿ.

ಮೀನು ಮತ್ತು ಬೂದಿ

ಮೀನಿನ ತಲೆ, ಕರುಳು, ಅದರಷ್ಟೇ ತೂಕದ ಬೆಲ್ಲ, ಪದರ ಪದರವಾಗಿ ಡಬ್ಬದಲ್ಲಿ ತುಂಬಿ ಸಡಿಲ ಮುಚ್ಚಳದಲ್ಲಿ ಒಂದು ತಿಂಗಳು ಬಿಟ್ಟರೆ ಕಂದು ಪಾಕ ಸಿಗುತ್ತದೆ. ಲೀಟರ್ ನೀರಿಗೆ 2 ಎಂಎಲ್. ಇದು ಎಲೆ ಬೆಳೆಸುವ ಸಾಮಾನು. ಆದ್ದರಿಂದ ಹೂ ಬರುವ ಮುಂಚೆ ಎರಡು ಸಲ ಹಾಕಿ ನಿಲ್ಲಿಸಿ. ಹೂ ಬಿಟ್ಟ ಮೇಲೂ ಸುರಿದರೆ ಗಿಡ ಹಸಿರು ಪೊದೆಯಾಗುತ್ತೆ, ಹೂ ಉದುರುತ್ತೆ. ಹೂವಿನ ಹೊತ್ತಿಗೆ ನಾನು ಹಾಕುವುದು ಒಲೆಯ ಬೂದಿ, ಗಿಡಕ್ಕೆ ಒಂದು ಮುಷ್ಟಿ, ಒಂದೇ ಸಲ.

ಮೊದಲ ಕಾಯಿ ಹಸಿರಿರುವಾಗಲೇ ಕೀಳಿ. ಗಿಡದಲ್ಲೇ ಕೆಂಪಾಗಲು ಬಿಟ್ಟರೆ ಹೊಸ ಹೂ ಕಡಿಮೆಯಾಗುತ್ತದೆ. ನಮ್ಮಲ್ಲಿ ಎರಡು ಗಿಡಕ್ಕೆ ಕೆಂಪು ದಾರ ಕಟ್ಟಿದ್ದೇವೆ, ಅವು ಬೀಜಕ್ಕೆ. ಮನೆಯಲ್ಲಿ ಒಗ್ಗರಣೆಗೆ ಯಾರೇ ಕೀಳಲು ಹೋದರೂ ದಾರ ನೋಡಿ ಮುಂದಿನ ಗಿಡಕ್ಕೆ ಹೋಗುತ್ತಾರೆ.