ಬೀಗಕ್ಕೂ ಬೀಗರಿಗೂ ಜೋರು ಮಾಡಬಾರದು

ಬಳ್ಳಾರಿಯಲ್ಲಿ ಏಪ್ರಿಲ್ ಮಧ್ಯಾಹ್ನ ಯಾರಾದರೂ ಶಟರ್ ಬೀಗ ತೆಗೆಯಲು ಕರೆದರೆ ನಾನು ಮೊದಲು ಎತ್ತಿಕೊಳ್ಳುವುದು ಒಂದು ಗೋಣಿಚೀಲ. ಶಟರ್ ಬೀಗ ಇರುವುದು ನೆಲದ ಹತ್ತಿರ. ಮಂಡಿ ಊರಬೇಕು, ಕೆಲವು ಸಲ ಮಲಗಲೇಬೇಕು. ನೆಲ ಕಾದ ಹೆಂಚಿನ ಹಾಗಿರುತ್ತದೆ. ಚೀಲ ಮರೆತು ಹೋದರೆ ಬೀಗ ತೆಗೆಯುವ ಮೊದಲೇ ಮೊಣಕಾಲು ಬೆಂದಿರುತ್ತದೆ.

ಕೌಲ್ ಬಜಾರ್ ಕಡೆ ನನ್ನದೊಂದು ಚಿಕ್ಕ ಅಂಗಡಿ. ಡುಪ್ಲಿಕೇಟ್ ಕೀ, ಬೀಗ ರಿಪೇರಿ. ಹೊಟ್ಟೆಪಾಡು ಅದರಿಂದಲೇ. ಆದರೆ ರಾತ್ರಿ ಅಂಗಡಿ ಮುಚ್ಚಿದ ಮೇಲೂ ನಾನು ಬೀಗ ಹಿಡಿದು ಕೂರುತ್ತೇನೆ. ಕೀ ಇರುವ ಬೀಗವನ್ನೇ ಕೀ ಇಲ್ಲದೆ ತೆಗೆಯುವುದು, ಮತ್ತೆ ಹಾಕುವುದು, ಮತ್ತೆ ತೆಗೆಯುವುದು. ಇದು ಯಾಕೆ ಅಂತ ಮನೆಯಾಕೆಗೆ ಇವತ್ತಿಗೂ ಅರ್ಥ ಆಗಿಲ್ಲ. "ಕೀಲಿಕೈ ಅಲ್ಲೇ ಮೊಳೆಗೆ ನೇತಾಡಾಕತ್ತೈತಲ್ರೀ" ಅನ್ನುತ್ತಾಳೆ.

ಕೆಲಸ ಕಲಿಸಿದ್ದು ಸೋದರಮಾವ. ಮೊದಲ ವರ್ಷ ನನ್ನ ಕೈಗೆ ಅರ ಬಿಟ್ಟು ಬೇರೇನೂ ಕೊಡಲಿಲ್ಲ. ಒಂದು ದಿನ ಹಳೆಯ ಹಿತ್ತಾಳೆ ಬೀಗವನ್ನು ವೈಸ್‌ಗೆ ಕಚ್ಚಿಸಿ, ಪಕ್ಕದಲ್ಲಿ ಅರ ಹಾಕಿ ಹಾಕಿ ಒಂದು ಕಿಂಡಿ ಮಾಡಿದರು. ಒಳಗೆ ನೋಡು ಅಂದರು. ಸಾಲಾಗಿ ಐದು ಗೂಡು. ಒಂದೊಂದರಲ್ಲೂ ಕೆಳಗೊಂದು ಪಿನ್, ಮೇಲೊಂದು ಪಿನ್, ಅದರ ತಲೆಯ ಮೇಲೆ ಸ್ಪ್ರಿಂಗ್. ಸರಿಯಾದ ಕೀ ಹೋದಾಗ ಐದೂ ಜೋಡಿಯ ನಡುವಿನ ಸಂದು ಒಂದೇ ಗೆರೆಗೆ ಬಂದು ನಿಂತವು, ಒಳಗಿನ ಉರುಳೆ ತಿರುಗಿತು. ಬೇರೆ ಕೀ ಹಾಕಿದರು. ನಾಲ್ಕು ಸರಿ, ಒಂದು ಮಾತ್ರ ಅರ್ಧ ಮಿಲಿಮೀಟರ್ ಮೇಲೆ. ಉರುಳೆ ಅಲ್ಲಾಡಲಿಲ್ಲ. ಅಮೆರಿಕದ ಲೈನಸ್ ಯೇಲ್ 1861ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಇವತ್ತು ನಮ್ಮ ಅಂಗಡಿ ಬಾಗಿಲಲ್ಲಿ ನೇತಾಡುವ ಎಷ್ಟೋ ಬೀಗಗಳ ಹೊಟ್ಟೆಯಲ್ಲಿ ಇರುವುದು ಇದೇ.

ಹಾಗಾದರೆ ಕೀ ಇಲ್ಲದೆ ಹೇಗೆ ತೆರೆಯುತ್ತದೆ? ಎಂಥಾ ಮೆಷಿನ್ ಆದರೂ ಐದು ತೂತನ್ನು ಪೂರ್ತಿ ನೇರಕ್ಕೆ ಕೊರೆಯುವುದಿಲ್ಲ. ಕೂದಲೆಳೆಯಷ್ಟು ಆಚೀಚೆ ಆಗಿಯೇ ಇರುತ್ತದೆ. ಕೀ ತೂತಿಗೆ ಬಗ್ಗಿಸಿದ ಪಟ್ಟಿಯೊಂದನ್ನು ಹಾಕಿ ಉರುಳೆಗೆ ಸ್ವಲ್ಪ ತಿರುವು ಕೊಟ್ಟು ಹಿಡಿದರೆ ಐದೂ ಪಿನ್ ಒಟ್ಟಿಗೆ ಬಿಗಿಯುವುದಿಲ್ಲ. ಒಂದು ಮೊದಲು ಬಿಗಿಯುತ್ತದೆ. ಅದನ್ನು ಇನ್ನೊಂದು ಕೈಯ ಸಣ್ಣ ಕಡ್ಡಿಯಿಂದ ಹುಡುಕಿ ಮೆಲ್ಲಗೆ ಎತ್ತಬೇಕು. ಸಂದು ಗೆರೆಗೆ ಬಂದಾಗ 'ಟಿಕ್' ಅನ್ನುತ್ತದೆ. ಆ ಸದ್ದು ಕಿವಿಗಿಂತ ಬೆರಳಿಗೆ ಚೆನ್ನಾಗಿ ಕೇಳುತ್ತದೆ. ಆಮೇಲೆ ಮುಂದಿನ ಪಿನ್ ಬಿಗಿಯುತ್ತದೆ. ಹೀಗೆ ಒಂದೊಂದೇ.

ಕಷ್ಟ ಇರುವುದು ಪಿನ್ ಎತ್ತುವ ಕೈಯಲ್ಲಲ್ಲ, ತಿರುವು ಕೊಡುವ ಕೈಯಲ್ಲಿ. ನಾನು ಮೊದಮೊದಲು ಜೋರಾಗಿ ಒತ್ತುತ್ತಿದ್ದೆ. ಒತ್ತಿದರೆ ಎಲ್ಲಾ ಪಿನ್ನೂ ಕಲ್ಲಾಗುತ್ತವೆ, ಯಾವುದು ಯಾವುದು ಅಂತ ಗೊತ್ತೇ ಆಗುವುದಿಲ್ಲ. "ಬೀಗಕ್ಕೂ ಬೀಗರಿಗೂ ಜೋರು ಮಾಡಬಾರದೋ" ಅಂತ ಮಾವ ಬೈಯುತ್ತಿದ್ದರು. ಒಂದು ಸಲ ಗಿರಾಕಿಯ ಬೀಗದೊಳಗೇ ಕಡ್ಡಿ ಮುರಿದುಬಿಟ್ಟೆ. ಆ ಬೀಗವನ್ನು ಡ್ರಿಲ್ ಮಾಡಿ ತೆಗೆದು ಹೊಸದು ಕೊಡಿಸಬೇಕಾಯಿತು, ನನ್ನ ದುಡ್ಡಿನಲ್ಲಿ. ಆವತ್ತಿನಿಂದ ತಿರುವಿಗೆ ಕಾರಿನ ಹಳೇ ವೈಪರ್ ರಬ್ಬರಿನ ಒಳಗಿರುವ ಉಕ್ಕಿನ ಪಟ್ಟಿ ಬಳಸುತ್ತೇನೆ. ತುದಿ ಬಗ್ಗಿಸಿಕೊಂಡರೆ ಸಾಕು. ಅದು ತೆಳ್ಳಗಿದೆ, ಬಾಗುತ್ತದೆ. ಎಷ್ಟು ಒತ್ತುತ್ತಿದ್ದೇನೆ ಅನ್ನುವುದು ಕಣ್ಣಿಗೇ ಕಾಣುತ್ತದೆ.

ಇನ್ನೊಂದು ವಿಷಯ ಹೇಳಬೇಕು, ಇದು ನಮ್ಮೂರಿನದೇ ತಾಪತ್ರಯ. ಬೀಗ ಕೆಟ್ಟಿದೆ ಅಂತ ನನ್ನ ಹತ್ತಿರ ಬರುವುದರಲ್ಲಿ ಜಾಸ್ತಿ ಬೀಗಗಳು ಕೆಟ್ಟಿರುವುದಿಲ್ಲ. ಸಂಡೂರು ಕಡೆಯ ಅದಿರಿನ ಕೆಂಪು ದೂಳು ಎಲ್ಲಾ ಕಡೆ ಕೂತಿರುತ್ತದೆ. ಬೀಗ ಬಿಗಿಯಾಯಿತು ಅಂತ ಜನ ಕೊಬ್ಬರಿ ಎಣ್ಣೆ ಬಿಡುತ್ತಾರೆ. ಎರಡು ದಿನ ಸಲೀಸು. ಆಮೇಲೆ ಎಣ್ಣೆಗೆ ದೂಳು ಮೆತ್ತಿಕೊಂಡು ಒಳಗೆಲ್ಲಾ ಕೆಂಪು ಚಟ್ನಿ. ಪಿನ್ ಮೇಲೆ ಹೋದದ್ದು ಕೆಳಗೆ ಬರುವುದಿಲ್ಲ. ಅಂಥ ಬೀಗವನ್ನು ಪೆಟ್ರೋಲಿನಲ್ಲಿ ಅದ್ದಿ, ಜಾಡಿಸಿ, ಒಣಗಿಸಿ, ಗ್ರಾಫೈಟ್ ಪುಡಿ ಊದಿದರೆ ಆಯಿತು. ಪುಡಿ ಇಲ್ಲದಿದ್ದರೆ ಮಕ್ಕಳ ಪೆನ್ಸಿಲ್ ಸೀಸವನ್ನು ಕೀ ಹಲ್ಲಿಗೆ ಉಜ್ಜಿ ನಾಲ್ಕು ಸಲ ಒಳಗೆ ಹೊರಗೆ ಆಡಿಸಿ. ಎಣ್ಣೆ ಮಾತ್ರ ಬೇಡ. ಇದನ್ನು ಹೇಳಿ ಹೇಳಿ ನನ್ನ ಬಾಯಿ ನೋಯುತ್ತದೆ.

ಹವ್ಯಾಸ ನಿಜವಾಗಿ ಕೈ ಹಿಡಿದದ್ದು ಬ್ರೂಸ್ ಪೇಟೆಯ ಒಬ್ಬ ಅಜ್ಜಿಯ ಟ್ರಂಕಿನ ಹತ್ತಿರ. ಹಿತ್ತಾಳೆಯ ದಪ್ಪ ಬೀಗ. ಕೀ ಕಳೆದು ಯಾವ ಕಾಲವಾಗಿತ್ತೋ. "ತಮ್ಮಾ, ಒಡಿಬ್ಯಾಡಪ್ಪ, ನಮ್ಮತ್ತಿ ಕಾಲದ್ದು" ಅಂದರು. ಸುಮ್ನೆ ತೆರೆದುಕೊಟ್ಟರೆ ಕೆಲಸ ಮುಗಿಯುವುದಿಲ್ಲ. ಬೀಗ ಮತ್ತೆ ಹಾಕಬೇಕಲ್ಲ, ಅದಕ್ಕೆ ಕೀ ಬೇಕಲ್ಲ. ಹಲ್ಲಿಲ್ಲದ ಖಾಲಿ ಕೀಯನ್ನು ಸಣ್ಣ ಅರದಲ್ಲಿ ನುಣ್ಣಗೆ ಉಜ್ಜಿದೆ. ಒಳಗೆ ಹಾಕಿ, ತಿರುವಿ ಹಿಡಿದು, ಮೇಲೆ ಕೆಳಗೆ ಮೆಲ್ಲಗೆ ಅಲ್ಲಾಡಿಸಿದೆ. ಹೊರಗೆ ತೆಗೆದು ಬಾಗಿಲ ಬಿಸಿಲಿಗೆ ಓರೆಯಾಗಿ ಹಿಡಿದೆ. ಮೂರನೇ ಜಾಗದಲ್ಲಿ ಸೂಜಿಮೊನೆಯಷ್ಟು ಹೊಳಪಿನ ಚುಕ್ಕೆ. ಬಿಗಿದ ಪಿನ್ ಕಚ್ಚಿದ ಗುರುತು. ಅಲ್ಲಿ ಅರದಿಂದ ಎರಡೇ ಎಳೆತ. ಮತ್ತೆ ಒಳಗೆ, ಮತ್ತೆ ಬಿಸಿಲಿಗೆ. ಚುಕ್ಕೆ ಬರುತ್ತಿರುವ ತನಕ ಉಜ್ಜಬೇಕು. ಬರುವುದು ನಿಂತರೆ ಆ ಪಿನ್ ಗೆರೆಗೆ ಬಂದಿದೆ ಅಂತ ಅರ್ಥ, ಅಲ್ಲಿಗೆ ಕೈ ತೆಗೆಯಬೇಕು. ನಾನು ನಾಲ್ಕನೆಯದಕ್ಕೆ ಒಂದು ಎಳೆತ ಜಾಸ್ತಿ ಹಾಕಿದೆ. ಕೀ ಹಾಳು. ಸರಿಯಾದ ಹಲ್ಲುಗಳನ್ನು ಹೊಸ ಕೀಗೆ ನಕಲು ಮಾಡಿಕೊಂಡು ಮತ್ತೆ ಶುರು. ಒಂದೂವರೆ ತಾಸು, ಎರಡು ಲೋಟ ಮಜ್ಜಿಗೆ. ಕೊನೆಗೆ ತಿರುಗಿತು. ಟ್ರಂಕಿನಲ್ಲಿ ಏನಿತ್ತೋ ಗೊತ್ತಿಲ್ಲ. ಮುಚ್ಚಳ ಎತ್ತುವ ಮೊದಲು ನಾವು ಬೆನ್ನು ತಿರುಗಿಸಿ ನಿಲ್ಲಬೇಕು, ಮಾವ ಹಾಕಿಕೊಟ್ಟ ರೂಢಿ ಅದು.

ಒಂದೂವರೆ ತಾಸು ಅಂದರೆ ನಗಬೇಡಿ. 1851ರಲ್ಲಿ ಲಂಡನ್ನಿನಲ್ಲಿ ಹಾಬ್ಸ್ ಅನ್ನುವ ಅಮೆರಿಕದವನು ಬ್ರಾಮಾ ಕಂಪನಿಯ ಬೀಗ ತೆಗೆದ. ತೆಗೆದವರಿಗೆ 200 ಗಿನಿ ಬಹುಮಾನ ಅಂತ ಅದನ್ನು ಅಂಗಡಿ ಕಿಟಕಿಯಲ್ಲೇ ಇಟ್ಟಿದ್ದರು. ಅವನಿಗೆ 16 ದಿನಗಳಲ್ಲಿ ಒಟ್ಟು 51 ಗಂಟೆ ಹಿಡಿಯಿತು. ಅದೂ ಮಜ್ಜಿಗೆ ಇಲ್ಲದೆ.

ಇದನ್ನೆಲ್ಲಾ ಹೇಳಿಕೊಟ್ಟರೆ ಕಳ್ಳರಿಗೆ ಅನುಕೂಲ ಅಲ್ವಾ ಅಂತ ಕೇಳುತ್ತಾರೆ. ಪೇಪರ್ ನೋಡಿ. 'ಮನೆ ಬೀಗ ಮುರಿದು ಕಳವು' ಅಂತ ಇರುತ್ತದೆ. 'ಬೀಗ ತೆರೆದು' ಅಂತ ನಾನಂತೂ ಓದಿದ ನೆನಪಿಲ್ಲ. ಕಬ್ಬಿಣದ ಸಲಾಕೆ ಇರುವವನಿಗೆ ಟಿಕ್ ಕೇಳುವ ತಾಳ್ಮೆ ಯಾಕೆ? ಜನ ಸಾವಿರ ರೂಪಾಯಿ ಬೀಗ ತಂದು ಹತ್ತು ರೂಪಾಯಿಯ ಸ್ಕ್ರೂ ಹೊಡೆದ ಚಿಲಕಕ್ಕೆ ಹಾಕುತ್ತಾರೆ. ನಮ್ಮೂರ ಕೋಟೆಯದೂ ಇಂಥದ್ದೇ ಒಂದು ಕಥೆ. ಹೈದರಾಲಿ ಫ್ರೆಂಚ್ ಎಂಜಿನಿಯರ್ ಕೈಲಿ ಕೋಟೆ ಗಟ್ಟಿ ಮಾಡಿಸಿದನಂತೆ. ಆಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಅದಕ್ಕಿಂತ ಎತ್ತರ. ಪಾಪ, ಎಂಜಿನಿಯರನ್ನು ಗಲ್ಲಿಗೆ ಹಾಕಿಸಿದನಂತೆ. ನಾನು ಬೀಗ ಮಾರುವ ಮೊದಲು ಚಿಲಕ ಹೇಗಿದೆ ಅಂತ ಕೇಳುತ್ತೇನೆ.

ಕೆಲಸದಲ್ಲಿ ಎಚ್ಚರ ಬೇಕು, ನಿಜ. ಮನೆ ಬೀಗ ಅಂದರೆ ಆಧಾರ್ ನೋಡುತ್ತೇನೆ, ಪಕ್ಕದ ಮನೆಯವರನ್ನು ಹೊರಗೆ ಕರೆಯುತ್ತೇನೆ, ಪುಸ್ತಕದಲ್ಲಿ ಸಹಿ ಹಾಕಿಸುತ್ತೇನೆ. ಒಪ್ಪದಿದ್ದರೆ ನಮಸ್ಕಾರ. ಹವ್ಯಾಸಕ್ಕೆ ನನ್ನದೇ ಬೀಗ, ಅದೂ ಎಲ್ಲೂ ಬಳಕೆಯಲ್ಲಿ ಇಲ್ಲದ್ದು. ಒಮ್ಮೆ ಭಾವನ ಮುಂದೆ ಕೈಚಳಕ ತೋರಿಸಲು ಹೋಗಿ ನಮ್ಮ ಮುಂಬಾಗಿಲ ಬೀಗದ ಸ್ಪ್ರಿಂಗನ್ನೇ ಕೆಡಿಸಿ, ಇಡೀ ಮನೆ ಮಂದಿ ಅಂಗಳದಲ್ಲಿ ಕೂತು ಊಟ ಮಾಡುವ ಹಾಗೆ ಮಾಡಿದ್ದೆ. ಬೀಗ ಮತ್ತು ಬೀಗರು, ಎರಡೂ ಒಂದೇ ದಿನ.

ಈಗ ಮೇಜಿನ ಮೇಲೆ ಆರು ಪಿನ್ನಿನ ಒಂದು ಬೀಗ ಇದೆ. ಅದರ ಮೇಲಿನ ಪಿನ್‌ಗಳು ದಾರ ಸುತ್ತುವ ಖಾಲಿ ರೀಲಿನ ಹಾಗೆ, ನಡು ಸಣ್ಣ. ಉರುಳೆ ಸ್ವಲ್ಪ ತಿರುಗಿ, ತೆರೆಯಿತು ಅಂತ ನಂಬಿಸಿ, ಅಲ್ಲೇ ನಿಂತುಬಿಡುತ್ತದೆ. ಆಗ ತಿರುವಿನ ಕೈಯನ್ನು ಕೂದಲೆಳೆಯಷ್ಟು ಸಡಿಲ ಬಿಡಬೇಕು. ಜಾಸ್ತಿ ಬಿಟ್ಟರೆ ಎಲ್ಲಾ ಪಿನ್ ಕೆಳಗೆ. ನಿನ್ನೆ ರಾತ್ರಿ ಐದು ಕೂತಿದ್ದವು, ಆರನೆಯದು ಅಲುಗಾಡುತ್ತಿತ್ತು. "ಅಪ್ಪಾ, ರೊಟ್ಟಿ ಆರಾಕತ್ತೈತಿ" ಅಂತ ಮಗಳು ಕೂಗಿದಳು. ತಿರುಗಿ ನೋಡಿದೆ. ಆರೂ ಬಿದ್ದವು.