ಶೋಧಗಂಗಾದಲ್ಲಿ ಮೊದಲು ಕೊನೆಯ ಫೈಲ್ ತೆರೆಯಿರಿ

ಸಂಶೋಧನೆಗೆ ಆಕರ ಹುಡುಕುತ್ತಿದ್ದೀರಾ? ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಥೀಸಿಸ್‌ಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ನಿಮ್ಮ ವಿಷಯಕ್ಕೆ ಹತ್ತಿರದ ಥೀಸಿಸ್ ಹಿಡಿದು, ಸಾಮಾನ್ಯವಾಗಿ ಕೊನೆಯ ಕಡೆ ಇರುವ ಗ್ರಂಥಸೂಚಿಯ ಪಿಡಿಎಫ್ ಮಾತ್ರ ಇಳಿಸಿಕೊಳ್ಳಿ. ಅಲ್ಲಿ ಹೆಚ್ಚಾಗಿ ಅಧ್ಯಾಯಕ್ಕೊಂದು ಫೈಲ್ ಇರುತ್ತದೆ. ಯಾರೋ ವರ್ಷಗಟ್ಟಲೆ ಕೂತು ಜರಡಿ ಹಿಡಿದ ಪಟ್ಟಿ, ಸುಮ್ನೆ ಸಿಗುತ್ತದೆ! ಅದರಲ್ಲಿರುವ ಪುಸ್ತಕಗಳ ಹೆಸರುಗಳನ್ನು ನಿಮ್ಮ ಲೈಬ್ರರಿಯ ಒಪ್ಯಾಕ್‌ನಲ್ಲಿ (ಪುಸ್ತಕ ಹುಡುಕುವ ಕಂಪ್ಯೂಟರ್ ಪಟ್ಟಿ) ಹಾಕಿ ನೋಡಿ. ಪುಸ್ತಕ ಸಿಕ್ಕರೆ ಕಪಾಟಿನಲ್ಲಿ ಅದರ ಅಕ್ಕಪಕ್ಕವೂ ಕಣ್ಣಾಡಿಸಿ, ಒಂದೇ ವಿಷಯದವು ಒಟ್ಟಿಗೇ ಇರುತ್ತವೆ. ಕನ್ನಡ ಥೀಸಿಸ್ ಆದರೆ ಹೆಸರನ್ನು ನೀವೇ ಟೈಪ್ ಮಾಡಿ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನದು ಕಾಪಿ-ಪೇಸ್ಟ್ ಮಾಡಿದರೆ ಬರೀ ಕಲಸುಮೇಲೋಗರ. ಹೊಸ ವಿಷಯಗಳಿಗೆ ಈ ದಾರಿ ಅಷ್ಟು ಒದಗುವುದಿಲ್ಲ. 2012ರ ಥೀಸಿಸ್‌ನಲ್ಲಿ ಆಮೇಲಿನ ಬರಹ ಇರುವುದಿಲ್ಲ, ಅಲ್ವಾ? ಪಟ್ಟಿಯಲ್ಲಿ ಇಸವಿ, ಪುಟಸಂಖ್ಯೆ ತಪ್ಪಿರುವುದೂ ಉಂಟು. ಮೂಲ ನೋಡದೆ ಉಲ್ಲೇಖ ಕೊಡಬೇಡಿ.