ಆಸ್ಪತ್ರೆ ಸಿಬ್ಬಂದಿಯ ವಾರ್ಷಿಕ ತಪಾಸಣೆ: ಪಟ್ಟಿಯಿಂದ ರಿಪೋರ್ಟ್‌ವರೆಗೆ

ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿರಲಿ, ಮೆಡಿಕಲ್ ಕಾಲೇಜಿನ ಆಸ್ಪತ್ರೆಯಿರಲಿ, ಪಿ.ಜೆ. ಬಡಾವಣೆಯ ಚಿಕ್ಕ ನರ್ಸಿಂಗ್ ಹೋಂ ಇರಲಿ, ಸಿಬ್ಬಂದಿಯ ಆರೋಗ್ಯ ತಪಾಸಣೆ ಮೊದಲು ಕೆಡುವುದು ಹೆಸರಿನ ಪಟ್ಟಿಯಲ್ಲೇ. ಸಂಬಳದ ರಿಜಿಸ್ಟರ್ ಮುಂದಿಟ್ಟುಕೊಂಡು ಪಟ್ಟಿ ಮಾಡಿದರೆ ಡಾಕ್ಟರು, ನರ್ಸು, ಟೆಕ್ನಿಷಿಯನ್‌ಗಳೆಲ್ಲ ಬರುತ್ತಾರೆ. ಹೊರಗುತ್ತಿಗೆಯ ಹೌಸ್‌ಕೀಪಿಂಗ್ ಹೆಂಗಸರು, ಲಾಂಡ್ರಿಯವರು, ಕಸದ ಟ್ರಾಲಿ ತಳ್ಳುವವರು ಬಿಟ್ಟುಹೋಗುತ್ತಾರೆ. ಆದರೆ ಬೆಡ್‌ಶೀಟಿನಲ್ಲಿ ಯಾರೋ ಮರೆತ ಸೂಜಿ ಚುಚ್ಚುವುದು ಲಾಂಡ್ರಿಯವರ ಕೈಗೆ. ಬಿಳಿ ಡಬ್ಬಿಗೆ ಬೀಳಬೇಕಾದ ಸೂಜಿ ಹಳದಿ ಚೀಲಕ್ಕೆ ಬಿದ್ದರೆ ಅದು ಚುಚ್ಚುವುದು ಚೀಲ ಎತ್ತುವವರ ಕಾಲಿಗೆ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಆರೋಗ್ಯ ಸಿಬ್ಬಂದಿಗೂ ತ್ಯಾಜ್ಯ ಮುಟ್ಟುವ ಇತರರಿಗೂ ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೆ ಒಮ್ಮೆಯಾದರೂ ಆರೋಗ್ಯ ತಪಾಸಣೆ ಮಾಡಿಸಬೇಕು, ಅದರ ದಾಖಲೆ ಇಡಬೇಕು, ಹೆಪಟೈಟಿಸ್ ಬಿ (ರಕ್ತದ ಮೂಲಕ ಹರಡುವ ಯಕೃತ್ತಿನ ಸೋಂಕು) ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು. ‘ಅವರು ಏಜೆನ್ಸಿಯವರು, ನಮ್ಮವರಲ್ಲ’ ಎಂಬ ಮಾತಿಗೆ ಇಲ್ಲಿ ಜಾಗವೇ ಇಲ್ಲ. ಹಾಗಾಗಿ ಪಟ್ಟಿಯನ್ನು ವಾರ್ಡ್‌ವಾರು ಮಾಡಿ. ಸೋಂಕು ನಿಯಂತ್ರಣ ನರ್ಸ್ ಮೂರೂ ಪಾಳಿಯಲ್ಲಿ ಒಂದು ಸುತ್ತು ಹಾಕಿ, ಆ ಹೊತ್ತಿಗೆ ಅಲ್ಲಿ ಕೆಲಸದಲ್ಲಿರುವ ಪ್ರತಿಯೊಬ್ಬರ ಹೆಸರು, ವಯಸ್ಸು, ಮೊಬೈಲ್ ನಂಬರ್ ಬರೆದುಕೊಳ್ಳಲಿ. ನೈಟ್ ಡ್ಯೂಟಿಯ ಸುತ್ತನ್ನಂತೂ ತಪ್ಪಿಸಬೇಡಿ.

ದಿನ ಮತ್ತು ಹೊತ್ತು

ಎಲ್ಲರನ್ನೂ ಒಂದೇ ಭಾನುವಾರ ಕರೆದು ಕ್ಯಾಂಪ್ ಮುಗಿಸುವ ಆಸೆ ಬೇಡ. ದಿನಕ್ಕೆ 15–20 ಜನರಂತೆ ಎರಡು ಮೂರು ವಾರ ನಡೆಸಿದರೆ ವಾರ್ಡ್ ಕೆಲಸವೂ ನಿಲ್ಲುವುದಿಲ್ಲ, ಅಳತೆಗಳೂ ಸರಿಯಾಗಿ ಬರುತ್ತವೆ. ನೈಟ್ ಡ್ಯೂಟಿ ಮುಗಿಸಿದವರನ್ನು ‘ಹೇಗೂ ಇಲ್ಲೇ ಇದ್ದೀರಲ್ಲ’ ಎಂದು ಬೆಳಿಗ್ಗೆಯೇ ಕೂರಿಸಬೇಡಿ. ನಿದ್ದೆಗೆಟ್ಟ ಮೈಯಲ್ಲಿ ಬಿಪಿಯೂ ಶುಗರೂ ಏರಿರುತ್ತವೆ. ರಾತ್ರಿ ಎರಡು ಗಂಟೆಗೆ ಚಹಾ ಬಿಸ್ಕತ್ತು ತಿಂದವರ ಹೊಟ್ಟೆಯನ್ನು ಖಾಲಿ ಹೊಟ್ಟೆ ಎನ್ನಲಾಗುವುದಿಲ್ಲ. ವಾರದ ರಜೆ ಮುಗಿಸಿ ಬರುವ ಮೊದಲ ದಿನ ಅವರ ಸರದಿ ಇಡಿ. ಹಿಂದಿನ ರಾತ್ರಿ ಹತ್ತರ ಮೇಲೆ ನೀರು ಬಿಟ್ಟು ಬೇರೇನೂ ಬೇಡ ಎಂದು ಹೇಳಿ, 8 ಗಂಟೆ ಉಪವಾಸವಾಗಿರಲಿ.

ಬಿಪಿ ನೋಡುವುದು

ಆಸ್ಪತ್ರೆಯವರೇ ಅತಿ ಅವಸರದಲ್ಲಿ ಮಾಡುವ ಕೆಲಸ ಇದು. ಮೆಟ್ಟಿಲು ಹತ್ತಿ ಬಂದವರಿಗೆ, ನಿಂತ ಕಾಲಲ್ಲೇ, ಸೀರೆಯ ರವಿಕೆ ತೋಳಿನ ಮೇಲೇ ಪಟ್ಟಿ ಸುತ್ತಿ ನೋಡಿದ ಬಿಪಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೂತ್ರ ಮಾಡಿ ಬರಲಿ. ಅರ್ಧ ಗಂಟೆ ಹಿಂದಿನಿಂದ ಕಾಫಿ, ಚಹಾ, ತಂಬಾಕು ಬೇಡ. ಐದು ನಿಮಿಷ ಸುಮ್ಮನೆ ಕೂರಲಿ: ಬೆನ್ನಿಗೆ ಆಸರೆ, ಪಾದ ಎರಡೂ ನೆಲದ ಮೇಲೆ, ತೋಳು ಮೇಜಿನ ಮೇಲೆ ಎದೆಯ ಮಟ್ಟಕ್ಕೆ. ಮಾತಾಡಿಸಬೇಡಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣುತ್ತದೆ, ಆದ್ದರಿಂದ ದೊಡ್ಡ ಪಟ್ಟಿಯೊಂದು ಮೇಜಿನ ಮೇಲೆ ಇರಲೇಬೇಕು. ಒಂದೆರಡು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಸರಾಸರಿ ಬರೆಯಿರಿ. 140/90 ಅಥವಾ ಮೇಲಿದ್ದರೆ ಇನ್ನೊಂದು ದಿನ ಮತ್ತೆ ನೋಡಿ. 180/110 ಮುಟ್ಟಿದ್ದರೆ ಅದೇ ದಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಚೀಟಿ ಬರೆದುಕೊಟ್ಟು ಕಳಿಸಿದರೆ ಸಾಲದು.

ಹೊಟ್ಟೆಯ ಸುತ್ತಳತೆಯನ್ನು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವಿನ ಮಟ್ಟದಲ್ಲಿ, ಉಸಿರು ಬಿಟ್ಟ ಮೇಲೆ ತೆಗೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೇಲೆ ಹೋದರೆ ಎಚ್ಚರಿಕೆ ಬೇಕು.

ರಕ್ತ

ಉಪವಾಸದ ಶುಗರ್ 100ರಿಂದ 125ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. 126 ಅಥವಾ ಹೆಚ್ಚಿದ್ದರೆ ಇನ್ನೊಂದು ದಿನ ಮತ್ತೊಮ್ಮೆ ನೋಡಿ ಖಚಿತಪಡಿಸಿಕೊಳ್ಳಿ. ಇಲ್ಲಿ ತಪ್ಪು ನುಸುಳುವುದು ಟ್ಯೂಬಿನಲ್ಲಿ. ರಕ್ತಕಣಗಳು ಟ್ಯೂಬಿನೊಳಗೂ ಸಕ್ಕರೆ ತಿನ್ನುತ್ತಲೇ ಇರುತ್ತವೆ. ಸಾಮಾನ್ಯ ಟ್ಯೂಬಿನಲ್ಲಿ ಗಂಟೆಗೆ ಸುಮಾರು ಶೇ 5–7ರಷ್ಟು ಸಕ್ಕರೆ ಇಳಿಯುತ್ತದೆ, ಏಪ್ರಿಲ್–ಮೇ ತಿಂಗಳ ದಾವಣಗೆರೆ ಸೆಕೆಯಲ್ಲಿ ಇನ್ನೂ ಬೇಗ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬನ್ನೇ ಬಳಸಿ, ಕುಲುಕದೆ ನಿಧಾನಕ್ಕೆ ಎಂಟು ಹತ್ತು ಸಲ ಮೇಲೆ ಕೆಳಗೆ ತಿರುಗಿಸಿ. ಫ್ಲೋರೈಡ್ ಕೂಡ ಮೊದಲ ಒಂದೆರಡು ಗಂಟೆ ಪೂರ್ತಿ ತಡೆಯುವುದಿಲ್ಲ, ಹಾಗಾಗಿ ಐಸ್ ಡಬ್ಬಿಯಲ್ಲಿಟ್ಟು ಆದಷ್ಟು ಬೇಗ ಲ್ಯಾಬಿಗೆ ಮುಟ್ಟಿಸಿ. ಮಧ್ಯಾಹ್ನದವರೆಗೆ ಟ್ರೇಯಲ್ಲೇ ಕೂಡಿಟ್ಟರೆ ಶುಗರ್ ಇರುವವರೂ ನಾರ್ಮಲ್ ಎಂದು ಮನೆಗೆ ಹೋಗುತ್ತಾರೆ.

ಉಪವಾಸ ಆಗದವರಿಗೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) ಮಾಡಿಸಬಹುದು. 6.5 ಅಥವಾ ಮೇಲಿದ್ದರೆ ಡಯಾಬಿಟಿಸ್, 5.7ರಿಂದ 6.4 ಹೊಸ್ತಿಲು. ಆದರೆ ಕಬ್ಬಿಣಾಂಶದ ಕೊರತೆಯಿದ್ದರೆ ಈ ಅಂಕಿ ಸುಳ್ಳಾಗಿ ಏರುತ್ತದೆ. ಅದಕ್ಕೇ ಹಿಮೋಗ್ಲೋಬಿನ್ ಜೊತೆಯಿಟ್ಟು ಓದಬೇಕು. ಹೆಂಗಸರಲ್ಲಿ 12, ಗರ್ಭಿಣಿಯರಲ್ಲಿ 11, ಗಂಡಸರಲ್ಲಿ 13ಕ್ಕಿಂತ ಕಡಿಮೆಯಾದರೆ ರಕ್ತಹೀನತೆ.

ಹೆಪಟೈಟಿಸ್ ಬಿ

ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಭುಜದ ಸ್ನಾಯುವಿಗೆ ಕೊಡಬೇಕು, ಪೃಷ್ಠಕ್ಕೆ ಕೊಟ್ಟರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಎರಡು ಹಾಕಿಸಿಕೊಂಡು ಮೂರನೆಯದಕ್ಕೆ ಬಾರದವರೇ ಬಹಳ. ಅವರಿಗೆ ಮೊದಲಿನಿಂದ ಶುರುಮಾಡಬೇಕಿಲ್ಲ, ಉಳಿದದ್ದನ್ನು ಕೊಟ್ಟರೆ ಸಾಕು. ಮೂರನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆ್ಯಂಟಿ ಎಚ್‌ಬಿಎಸ್ ಟೈಟರ್, ಅಂದರೆ ರಕ್ತದಲ್ಲಿರುವ ರಕ್ಷಕ ಪ್ರತಿಕಾಯದ ಮಟ್ಟ, ನೋಡಿ. 10 ಅಥವಾ ಮೇಲಿದ್ದರೆ ರಕ್ಷಣೆ ಇದೆ. ಲಸಿಕೆ ಹಾಕಿಸಿಕೊಂಡು ವರ್ಷಗಳಾದವರಲ್ಲಿ 10ಕ್ಕಿಂತ ಕಡಿಮೆ ಬಂದರೆ ಒಂದು ಡೋಸ್ ಕೊಟ್ಟು ಒಂದೆರಡು ತಿಂಗಳಲ್ಲಿ ಮತ್ತೆ ನೋಡಿ. ಆಗಲೂ ಏರದಿದ್ದರೆ ಇನ್ನೆರಡು ಡೋಸ್ ಮುಗಿಸಿ. ಆರು ಡೋಸ್ ಆದರೂ ಟೈಟರ್ ಬಾರದವರಿಗೆ ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಸೋಂಕು ಈಗಾಗಲೇ ಇದೆಯೇ ಎಂದು ನೋಡುವ) ಪರೀಕ್ಷೆ ಮಾಡಿಸಿ. ಅದು ನೆಗೆಟಿವ್ ಆದರೆ, ಸೂಜಿ ಚುಚ್ಚಿದ ದಿನ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಬೇಕಾಗಬಹುದು ಎಂದು ಅವರ ಕಾರ್ಡಿನಲ್ಲಿ ಬರೆದಿಡಿ.

ಎಚ್‌ಐವಿ ಪರೀಕ್ಷೆಯನ್ನು ವಾರ್ಷಿಕ ತಪಾಸಣೆಯೊಳಗೆ ಸದ್ದಿಲ್ಲದೆ ಸೇರಿಸಬೇಡಿ. 2017ರ ಎಚ್‌ಐವಿ ಕಾಯ್ದೆ ಒಪ್ಪಿಗೆಯಿಲ್ಲದ ಪರೀಕ್ಷೆಯನ್ನು ಒಪ್ಪುವುದಿಲ್ಲ. ಸೂಜಿ ಚುಚ್ಚಿದಾಗಿನ ದಾರಿ ಬೇರೆ: ಸೋಪು ನೀರಿನಲ್ಲಿ ತೊಳೆಯುವುದು, ಹಿಂಡದಿರುವುದು, ತಕ್ಷಣ ಕ್ಯಾಶುವಾಲ್ಟಿಗೆ ಹೋಗುವುದು. ಎಚ್‌ಐವಿ ತಡೆಯ ಔಷಧ ಬೇಕಾದರೆ 2 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ತೆಗೆದುಕೊಳ್ಳಬೇಕು. ಈ ನಾಲ್ಕು ಸಾಲನ್ನು ತಪಾಸಣೆಯ ದಿನ ಪ್ರತಿಯೊಬ್ಬರಿಗೂ ಬಾಯಲ್ಲಿ ಹೇಳಿ. ಗೋಡೆಯ ಪೋಸ್ಟರನ್ನು ಓದಲು ಬಾರದವರೂ ಸಿಬ್ಬಂದಿಯಲ್ಲಿ ಇದ್ದಾರೆ.

ಕ್ಷಯ, ಬಾಯಿ, ಗರ್ಭಕಂಠ

ಕ್ಷಯಕ್ಕೆ ನಾಲ್ಕು ಪ್ರಶ್ನೆ: ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು. ಒಂದಕ್ಕೆ ಹೌದೆಂದರೂ ಎದೆಯ ಎಕ್ಸ್‌ರೇ ಮತ್ತು ಕಫದ ಪರೀಕ್ಷೆ.

ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ಸೀಮೆಯ ಜನ ನಾವು. ಎಲೆ ಅಡಿಕೆ ಇಲ್ಲಿ ಯಾರಿಗೂ ದುಶ್ಚಟವೆಂದು ಅನ್ನಿಸುವುದಿಲ್ಲ. ತಂಬಾಕಿಲ್ಲದ ಬರಿ ಅಡಿಕೆಯೂ ಬಾಯಿ ಬಿಗಿಯುವ ರೋಗ ತರುತ್ತದೆ. ಆದ್ದರಿಂದ ‘ತಂಬಾಕು ತಿನ್ನುತ್ತೀರಾ?’ ಎಂದಷ್ಟೇ ಕೇಳದೆ ‘ಅಡಿಕೆ, ಗುಟ್ಕಾ ಹಾಕುತ್ತೀರಾ?’ ಎಂದೂ ಕೇಳಿ. ಅವರದೇ ಮೂರು ಬೆರಳು ನೆಟ್ಟಗೆ ಬಾಯೊಳಗೆ ಹೋಗುತ್ತವೆಯೇ ನೋಡಿ. ಟಾರ್ಚ್ ಹಿಡಿದು ಕೆನ್ನೆಯ ಒಳಭಾಗ, ನಾಲಿಗೆಯ ಅಡಿ ಮತ್ತು ಅಂಚು ಪರೀಕ್ಷಿಸಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಕಂಡರೆ ದಂತ ವೈದ್ಯರಿಗೆ ತೋರಿಸಿ.

30 ದಾಟಿದ ಹೆಂಗಸರಿಗೆ ಸ್ತನ ಪರೀಕ್ಷೆ, ಐದು ವರ್ಷಕ್ಕೊಮ್ಮೆ ಗರ್ಭಕಂಠದ ವಿಐಎ ಪರೀಕ್ಷೆ ಬೇಕು. ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದು ನೋಡುವ ಪರೀಕ್ಷೆ ಇದು, ಮುಟ್ಟಿನ ದಿನಗಳಲ್ಲಿ ಆಗದು. ಹೆಚ್ಚು ಜನ ತಪ್ಪಿಸಿಕೊಳ್ಳುವುದೂ ಇದನ್ನೇ. ದಿನಾ ಜೊತೆಯಲ್ಲಿ ಡ್ಯೂಟಿ ಮಾಡುವವರ ಮುಂದೆ ಟೇಬಲ್ ಹತ್ತುವುದು ಯಾರಿಗಾದರೂ ಕಷ್ಟ. ಊರಿನ ಇನ್ನೊಂದು ಆಸ್ಪತ್ರೆಯೊಂದಿಗೆ ಮಾತಾಡಿ, ನಿಮ್ಮವರು ಅಲ್ಲಿ, ಅವರವರು ನಿಮ್ಮಲ್ಲಿ ಎಂದು ಏರ್ಪಾಡು ಮಾಡಿ.

ರಿಪೋರ್ಟ್

ರಿಪೋರ್ಟನ್ನು ನರ್ಸಿಂಗ್ ಆಫೀಸಿನ ಮೇಜಿನ ಮೇಲೆ ರಾಶಿ ಹಾಕಬೇಡಿ, ವಾಟ್ಸ್‌ಆ್ಯಪ್ ಗುಂಪಿಗೂ ಹಾಕಬೇಡಿ. ಮುಚ್ಚಿದ ಲಕೋಟೆಯಲ್ಲಿ ಅವರವರ ಕೈಗೇ ಕೊಡಿ. ಏನಾದರೂ ಹೆಚ್ಚುಕಮ್ಮಿ ಇದ್ದವರಿಗೆ ಡಾಕ್ಟರರ ಹೆಸರು, ದಿನ, ಹೊತ್ತು ಬರೆದ ಚೀಟಿ ಜೊತೆಗಿರಲಿ, ಆ ಹೊತ್ತಿಗೆ ಡ್ಯೂಟಿಯಿಂದ ಬಿಡುವು ಸಿಗಲಿ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾರ್ಡ್ ಇದ್ದವರು ಔಷಧಿಯನ್ನು ಇಎಸ್‌ಐ ಚಿಕಿತ್ಸಾಲಯದಲ್ಲೇ ಪಡೆಯಬಹುದು. ತಿಂಗಳು ಬಿಟ್ಟು ಫೋನ್ ಮಾಡಿ ಹೋದರೋ ಇಲ್ಲವೋ ಕೇಳಿ.

ಲಸಿಕೆ ಕಾರ್ಡಿನ ಒಂದು ಪ್ರತಿ ಕೆಲಸಗಾರರ ಬಳಿಯೇ ಇರಬೇಕು. ಏಜೆನ್ಸಿ ಬದಲಾದಾಗ ಹಳೆಯ ಏಜೆನ್ಸಿಯ ಫೈಲ್ ಜೊತೆ ಕಾರ್ಡೂ ಹೋಗಿಬಿಟ್ಟರೆ, ಮೂರು ಡೋಸ್ ಹಾಕಿಸಿಕೊಂಡಿದ್ದಕ್ಕೆ ಅವರ ಬಳಿ ಯಾವ ಪುರಾವೆಯೂ ಉಳಿಯುವುದಿಲ್ಲ. ಕಾರ್ಡಿನ ಹಿಂಬದಿಯಲ್ಲಿ ಟೈಟರ್ ಅಂಕಿ ಮತ್ತು ಮುಂದಿನ ತಪಾಸಣೆಯ ತಿಂಗಳು ಬರೆದು, ಕೊಡುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆಸಿಡಿ.